ನಮ್ಮದೇ ಆಬ್ಜೆಕ್ಟ್‌ಗೆ ಈವೆಂಟ್ ಸೇರಿಸಿದೆ, ಮೂರು ಲಿಸನರ್‌ಗಳಲ್ಲಿ ಒಂದು ಓಡುತ್ತಲೇ ಇಲ್ಲ

ಹೊಸಹೆಜ್ಜೆ · ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಸ್ವಲ್ಪ ನೋಡಿ ಹೇಳಿ.

ಫೈಲುಗಳನ್ನು ಒಂದೊಂದಾಗಿ ಸರ್ವರ್‌ಗೆ ಕಳಿಸುವ ಆಬ್ಜೆಕ್ಟ್ ಒಂದನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದಿದ್ದೇನೆ. ಹೆಸರು ಅಪ್‌ಲೋಡರ್. ಅದು ಬಟನ್ ಅಲ್ಲ, ಡಿವ್ ಅಲ್ಲ, ಪುಟದಲ್ಲಿ ಎಲ್ಲೂ ಕಾಣುವುದಿಲ್ಲ. ಒಂದು ಫೈಲ್ ಹೋಗಿ ಮುಟ್ಟಿದ ಕೂಡಲೇ ಮೂರು ಕೆಲಸ ಆಗಬೇಕು. ಪ್ರೋಗ್ರೆಸ್ ಬಾರ್ ಮುಂದೆ ಸರಿಯಬೇಕು, ಪಟ್ಟಿಯಲ್ಲಿ ಆ ಫೈಲಿಗೆ ಟಿಕ್ ಬೀಳಬೇಕು, ಮೊದಲ ಫೈಲ್ ಹೋದಾಗ ಮಾತ್ರ ಒಂದು ಸ್ವಾಗತದ ಮೆಸೇಜ್ ಬರಬೇಕು.

ಬಟನ್‌ಗೆ ಕ್ಲಿಕ್ ಇದ್ದ ಹಾಗೆ ನನ್ನ ಆಬ್ಜೆಕ್ಟ್‌ಗೂ 'ಮುಗಿಯಿತು' ಅನ್ನುವ ಈವೆಂಟ್ ಇರಲಿ ಅಂತ ಆನ್ (ಸೇರಿಸಲು), ಆಫ್ (ತೆಗೆಯಲು), ಒನ್ಸ್ (ಒಮ್ಮೆ ಮಾತ್ರ ಓಡಲು), ಎಮಿಟ್ (ಈವೆಂಟ್ ಆಯಿತು ಎಂದು ಸಾರಲು) ಎಂದು ನಾಲ್ಕು ಮೆಥಡ್ ನಾನೇ ಬರೆದೆ. ಒಳಗೆ ಒಂದು ಖಾಲಿ ಆಬ್ಜೆಕ್ಟ್ ಇದೆ. ಈವೆಂಟ್ ಹೆಸರೇ ಕೀ, ಅದರ ಎದುರಿಗೆ ಆ ಈವೆಂಟ್ ಆದಾಗ ಓಡಬೇಕಾದ ಫಂಕ್ಷನ್‌ಗಳ, ಅಂದರೆ ಲಿಸನರ್‌ಗಳ ಅರೇ. ಎಮಿಟ್ ಮಾಡಿದಾಗ ಆ ಅರೇ ಮೇಲೆ ಫಾರ್‌ಈಚ್ ಓಡಿಸಿ ಎಲ್ಲವನ್ನೂ ಕರೆಯುತ್ತೇನೆ. ಒನ್ಸ್ ಮೂಲಕ ಸೇರಿಸಿದ ಫಂಕ್ಷನ್ ಒಮ್ಮೆ ಓಡಿ, ಸ್ಪ್ಲೈಸ್ ಮಾಡಿ ತನ್ನನ್ನು ತಾನೇ ಅರೇಯಿಂದ ತೆಗೆದುಕೊಳ್ಳುತ್ತದೆ.

ಈಗ ಏನಾಗುತ್ತಿದೆ ಅಂದರೆ, ಮೊದಲ ಫೈಲ್‌ಗೆ ಸ್ವಾಗತ ಬರುತ್ತದೆ, ಟಿಕ್ ಬೀಳುತ್ತದೆ, ಬಾರ್ ಮಾತ್ರ ಕದಲುವುದಿಲ್ಲ. ಎರಡನೇ ಫೈಲ್‌ನಿಂದ ಎಲ್ಲ ಸರಿ. ಕನ್ಸೋಲ್‌ನಲ್ಲಿ ಒಂದೂ ಎರರ್ ಇಲ್ಲ. ಎಲ್ಲಿ ತಪ್ಪಿದೆ?

ಚುಕ್ಕಿ · 9:52

ಒನ್ಸ್ ಮಾಡಿದ್ದನ್ನು ಎಲ್ಲಕ್ಕಿಂತ ಮೊದಲು ಸೇರಿಸಿದ್ದೀರಾ?

ಹೊಸಹೆಜ್ಜೆ · 9:55

ಹೌದು. ಮೊದಲು ಸ್ವಾಗತ, ಆಮೇಲೆ ಬಾರ್, ಕೊನೆಗೆ ಟಿಕ್. ಕ್ರಮದಿಂದ ಏನಾದರೂ ವ್ಯತ್ಯಾಸ ಆಗುತ್ತದಾ?

ಚುಕ್ಕಿ · 10:08

ಆಗುತ್ತದೆ, ಗೊತ್ತಾಯಿತು ಬಿಡಿ. ಒಂದು ಹಾಳೆ ತೆಗೆದುಕೊಂಡು ಬರೆದು ನೋಡಿ.

ಅರೇಯಲ್ಲಿ 0ನೇ ಜಾಗದಲ್ಲಿ ಸ್ವಾಗತ, 1ರಲ್ಲಿ ಬಾರ್, 2ರಲ್ಲಿ ಟಿಕ್. ಫಾರ್‌ಈಚ್ 0ಯಿಂದ ಶುರು ಮಾಡಿತು. ಸ್ವಾಗತ ಓಡಿತು, ಓಡಿದ ಮೇಲೆ ತನ್ನನ್ನು ತಾನೇ ತೆಗೆದುಕೊಂಡಿತು. ಈಗ ಹಿಂದಿದ್ದವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬಂದರು. ಬಾರ್ 0ಗೆ ಬಂತು, ಟಿಕ್ 1ಕ್ಕೆ ಬಂತು. ಆದರೆ ಫಾರ್‌ಈಚ್‌ಗೆ ಅದರ ಪರಿವೆಯೇ ಇಲ್ಲ. '0 ಮುಗಿಯಿತು, ಇನ್ನು 1' ಅಂತ ಮುಂದೆ ಹೋಯಿತು. 1ರಲ್ಲಿ ಇರುವುದು ಟಿಕ್. ಬಾರ್ ಕಣ್ಣೆದುರೇ ತಪ್ಪಿಸಿಕೊಂಡಿತು. ಎರಡನೇ ಸಲ ಸ್ವಾಗತ ಇಲ್ಲವೇ ಇಲ್ಲ, ಹಾಗಾಗಿ ಎಲ್ಲ ಸರಿ ಕಾಣುತ್ತದೆ.

ಪರಿಹಾರ ಒಂದೇ ಪದ. ಎಮಿಟ್ ಒಳಗೆ ಅರೇಯನ್ನು ಸ್ಲೈಸ್ ಮಾಡಿ ಪ್ರತಿ ತೆಗೆದುಕೊಳ್ಳಿ, ಆ ಪ್ರತಿಯ ಮೇಲೆ ಫಾರ್‌ಈಚ್ ಓಡಿಸಿ. ಮೂಲ ಅರೇಯಿಂದ ಯಾರು ಬೇಕಾದರೂ ಹೋಗಲಿ, ಪ್ರತಿ ಹಾಗೇ ಇರುತ್ತದೆ. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ (Node.js) ಈವೆಂಟ್‌ಎಮಿಟರ್ ಕೂಡ ಒಳಗೆ ಇದನ್ನೇ ಮಾಡುತ್ತದೆ.

ಹೊಸಹೆಜ್ಜೆ · 10:15

ಬಾರ್ ಓಡಿತು! ಎರಡು ದಿನ ನಾನು ಬಾರ್‌ನ ಸಿಎಸ್‌ಎಸ್ ನೋಡುತ್ತಾ ಕೂತಿದ್ದೆ. ತುಂಬಾ ಥ್ಯಾಂಕ್ಸ್.

ಸರಪಳಿ · 10:21

ಅರೇ ಯಾಕೆ ಬೇಕು? ಸೆಟ್ ಬಳಸಿ. ಒಂದೇ ಫಂಕ್ಷನ್ ಎರಡು ಸಲ ಸೇರುವುದಿಲ್ಲ, ತೆಗೆಯಲು ಇಂಡೆಕ್ಸ್ ಹುಡುಕುವುದು ಬೇಡ, ಡಿಲೀಟ್ ಅಂದರೆ ಆಯಿತು. ಮಧ್ಯದಲ್ಲಿ ತೆಗೆದರೂ ಉಳಿದದ್ದು ತಪ್ಪುವುದಿಲ್ಲ.

ಎರಡುಸಮ · 10:34

ಸರಪಳಿ ಅವರೇ, ತೆಗೆಯುವಾಗ ಸರಿ. ಸೇರಿಸುವಾಗ ಸೆಟ್ ಕೈಕೊಡುತ್ತದೆ. ಸೆಟ್ ಮೇಲೆ ಲೂಪ್ ಓಡುತ್ತಿರುವಾಗ ಹೊಸದೇನಾದರೂ ಸೇರಿದರೆ ಅದನ್ನೂ ಅದೇ ಲೂಪ್ ಭೇಟಿ ಮಾಡುತ್ತದೆ. ಒಂದು ಲಿಸನರ್ ತನ್ನನ್ನು ತೆಗೆದು ತಕ್ಷಣ ಮತ್ತೆ ಸೇರಿಸಿಕೊಂಡಿತು ಅಂದುಕೊಳ್ಳಿ. ಅದು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತದೆ, ಲೂಪ್ ಅಲ್ಲಿಗೆ ಹೋಗುತ್ತದೆ, ಅದು ಮತ್ತೆ ಕೊನೆಗೆ. ಟ್ಯಾಬ್ ಅಲ್ಲೇ ನಿಂತುಹೋಗುತ್ತದೆ. ಸೆಟ್ ಇದ್ದರೂ ಪ್ರತಿ ತೆಗೆದುಕೊಂಡೇ ಓಡಿಸಬೇಕು.

ಸರಪಳಿ · 10:37

ಈಗಷ್ಟೇ ಪರೀಕ್ಷೆ ಮಾಡಿದೆ. ನೀವು ಹೇಳಿದ್ದು ಸರಿ, ಟ್ಯಾಬ್ ಮುಚ್ಚಬೇಕಾಯಿತು.

ಗೂಡು · 10:50

ಅಪ್‌ಲೋಡರ್ ಒಳಗಿನ ಆ 'ಖಾಲಿ ಆಬ್ಜೆಕ್ಟ್' ನಿಜವಾಗಿ ಖಾಲಿ ಅಲ್ಲ, ಅದನ್ನೂ ಈಗಲೇ ಸರಿಪಡಿಸಿಕೊಳ್ಳಿ. 'ಕನ್‌ಸ್ಟ್ರಕ್ಟರ್' ಎಂಬ ಹೆಸರಿನ ಈವೆಂಟ್ ಸೇರಿಸಿ ನೋಡಿ. 'ಈ ಕೀ ಇದೆಯಾ? ಇಲ್ಲದಿದ್ದರೆ ಹೊಸ ಅರೇ ಇಡು' ಅಂತ ಬರೆದಿರುತ್ತೀರಿ ಅಲ್ವಾ? ಕೀ ಇದೆ! ಪ್ರೋಟೋಟೈಪ್‌ನಿಂದ, ಅಂದರೆ ಆಬ್ಜೆಕ್ಟ್‌ಗೆ ಹುಟ್ಟಿನಿಂದ ಗುಣಗಳನ್ನು ಕೊಡುವ ಮೂಲ ಆಬ್ಜೆಕ್ಟ್‌ನಿಂದ, ಬಂದ ಫಂಕ್ಷನ್ ಅಲ್ಲಿ ಕೂತಿರುತ್ತದೆ. ಅದಕ್ಕೆ ಪುಶ್ ಮಾಡಲು ಹೋದರೆ ಟೈಪ್‌ಎರರ್. 'ಟೂಸ್ಟ್ರಿಂಗ್' ಹೆಸರಿಗೂ ಇದೇ ಗತಿ.

ಅಂಥ ಹೆಸರು ಯಾರು ಇಡುತ್ತಾರೆ ಅನ್ನಬೇಡಿ. ಈವೆಂಟ್ ಹೆಸರು ಬಳಕೆದಾರರು ತುಂಬಿದ ಫಾರ್ಮ್‌ನಿಂದ ಬರುವ ಪ್ರಾಜೆಕ್ಟ್ ನಾನು ನೋಡಿದ್ದೇನೆ. ಮ್ಯಾಪ್ ಬಳಸಿ, ಇಲ್ಲವೇ ಪ್ರೋಟೋಟೈಪ್ ಇಲ್ಲದ ಆಬ್ಜೆಕ್ಟ್ ಮಾಡಿಕೊಳ್ಳಿ. ನನ್ನ ಓಟು ಮ್ಯಾಪ್‌ಗೆ.

ನೀಲಿಪರದೆ · 11:12

ಇಷ್ಟೆಲ್ಲ ರಿಪೇರಿ ಯಾಕೆ? ಲಿಸನರ್ ಸೇರಿಸಲು, ತೆಗೆಯಲು ಬ್ರೌಸರ್ರೇ ಕೊಟ್ಟಿರುವ ಈವೆಂಟ್‌ಟಾರ್ಗೆಟ್ ಎಂಬ ಕ್ಲಾಸ್ ಇದೆಯಲ್ಲ, ಅದನ್ನೇ ಬಳಸಿ.

ಮೊದಲು ಅದನ್ನು ನೇರವಾಗಿ 'ನ್ಯೂ' ಮಾಡಲು ಆಗುತ್ತಿರಲಿಲ್ಲ. ಕ್ರೋಮ್ 64 ಮತ್ತು ಫೈರ್‌ಫಾಕ್ಸ್ 59ರಿಂದ, ಅಂದರೆ 2018ರಿಂದ, ಆಗುತ್ತದೆ. ಸಫಾರಿಯಲ್ಲಿ ಆವೃತ್ತಿ 14ಕ್ಕೆ ಬಂತು, 2020ರಲ್ಲಿ. ನೋಡ್ 15ರಿಂದ ಅಲ್ಲೂ ಗ್ಲೋಬಲ್ ಆಗಿದೆ. ನಿಮ್ಮ ಅಪ್‌ಲೋಡರ್ ಕ್ಲಾಸ್ ಅನ್ನು ಈವೆಂಟ್‌ಟಾರ್ಗೆಟ್‌ನಿಂದ ಎಕ್ಸ್‌ಟೆಂಡ್ ಮಾಡಿ, ಕನ್‌ಸ್ಟ್ರಕ್ಟರ್‌ನಲ್ಲಿ ಸೂಪರ್ ಕರೆಯಿರಿ, ಮುಗಿಯಿತು. ಆ್ಯಡ್‌ಈವೆಂಟ್‌ಲಿಸನರ್, ರಿಮೂವ್‌ಈವೆಂಟ್‌ಲಿಸನರ್, ಡಿಸ್ಪ್ಯಾಚ್‌ಈವೆಂಟ್ ಮೂರೂ ಬಂದುಬಿಡುತ್ತವೆ. ಒನ್ಸ್ ಬೇಕಾದರೆ ಆಯ್ಕೆಗಳಲ್ಲಿ ಒನ್ಸ್ ನಿಜ ಅಂತ ಕೊಡಿ. ಜೊತೆಗೆ ಮಾಹಿತಿ ಕಳಿಸಬೇಕಾದರೆ ಕಸ್ಟಮ್‌ಈವೆಂಟ್ ಮಾಡಿ ಅದರ ಡೀಟೇಲ್‌ನಲ್ಲಿ ಇಡಿ.

ಈ ಥ್ರೆಡ್‌ನಲ್ಲಿ ಬಂದ ಮೂರೂ ತೊಂದರೆಗಳು ಅಲ್ಲಿ ಇಲ್ಲ.

ಸರಪಳಿ · 11:20

ಆದರೆ ಒಂದು ಫೈಲ್ ಹೆಸರು ತಲುಪಿಸಲು ಕಸ್ಟಮ್‌ಈವೆಂಟ್ ಕಟ್ಟು, ಡೀಟೇಲ್ ತುಂಬು, ಆ ಕಡೆ ಈವೆಂಟ್ ಡಾಟ್ ಡೀಟೇಲ್ ಡಾಟ್ ಫೈಲ್ ಅಂತ ಬಿಚ್ಚು. ಎಮಿಟ್ ಮಾಡಿ ನೇರವಾಗಿ ಫೈಲ್ ಕೊಟ್ಟರೆ ಎಷ್ಟು ಹಗುರ!

ನೀಲಿಪರದೆ · 11:26

ಉದ್ದ ಇದೆ, ಒಪ್ಪಿದೆ. ಈವೆಂಟ್ ಕ್ಲಾಸನ್ನೇ ಎಕ್ಸ್‌ಟೆಂಡ್ ಮಾಡಿ 'ಫೈಲ್‌ಮುಗಿಯಿತು' ಅಂತ ನಿಮ್ಮದೇ ಕ್ಲಾಸ್ ಮಾಡಿಕೊಂಡರೆ ಡೀಟೇಲ್ ಹಂಗಿಲ್ಲ, ಫೈಲ್ ನೇರವಾಗಿ ಅದರ ಮೇಲೆ ಇರುತ್ತದೆ. ನಾನು ಹಾಗೇ ಮಾಡುತ್ತೇನೆ.

ಮಿಡುಕು · 11:41

ಒಂದು ಎಚ್ಚರಿಕೆ. ಈಗಾಗಲೇ ಇರುವ ಸಾದಾ ಆಬ್ಜೆಕ್ಟ್‌ಗೆ ಈವೆಂಟ್‌ಟಾರ್ಗೆಟ್‌ನ ಮೆಥಡ್‌ಗಳನ್ನು ಕಾಪಿ ಮಾಡಿ ಅಂಟಿಸಲು ಆಗುವುದಿಲ್ಲ. ಕರೆದ ಕೂಡಲೇ 'ಇಲ್ಲೀಗಲ್ ಇನ್ವೊಕೇಶನ್' ಅಂತ ಬೈಯುತ್ತದೆ. ಅದಕ್ಕೆ ಹುಟ್ಟಿನಿಂದಲೇ ಈವೆಂಟ್‌ಟಾರ್ಗೆಟ್ ಆಗಿರುವ ಆಬ್ಜೆಕ್ಟ್ ಬೇಕು. ಈವೆಂಟ್‌ಟಾರ್ಗೆಟ್ ಅನ್ನು ಪ್ರಾಕ್ಸಿಯಲ್ಲಿ (ಆಬ್ಜೆಕ್ಟ್‌ನ ಮುಂದೆ ನಿಂತು ಅದರ ಓದು, ಬರಹಗಳನ್ನು ಹಿಡಿಯುವ ಹೊದಿಕೆ) ಸುತ್ತಿ, ಪ್ರಾಕ್ಸಿ ಮೂಲಕ ಕರೆದರೂ ಅದೇ ಬೈಗುಳ. ನಿಮ್ಮ ಕ್ಲಾಸ್ ಆಗಲೇ ಬೇರೆ ಯಾವುದೋ ಕ್ಲಾಸಿನ ಮಗುವಾಗಿದ್ದರೆ, ಒಳಗೆ ಒಂದು ಈವೆಂಟ್‌ಟಾರ್ಗೆಟ್ ಇಟ್ಟುಕೊಂಡು ಹೊರಗಿನಿಂದ ಬಂದ ಕರೆಯನ್ನು ಅದಕ್ಕೆ ದಾಟಿಸುವುದೇ ದಾರಿ.

ಬ್ಯಾಕ್‌ಬೋನ್ ಎಂಬ ಹಳೆಯ ಲೈಬ್ರರಿಯ ಕಾಲದಲ್ಲಿ ಇದು ಸುಲಭ ಇತ್ತು. ಬ್ಯಾಕ್‌ಬೋನ್ ಈವೆಂಟ್ಸ್ ಬರೀ ಮೆಥಡ್‌ಗಳ ಗಂಟು, ಯಾವ ಆಬ್ಜೆಕ್ಟ್‌ಗೆ ಬೇಕಾದರೂ ಕಟ್ಟಬಹುದಿತ್ತು.

ಹಳೇಬೇರು · 12:05

ಮಿಡುಕು ಅವರು ಹಳೆಯದನ್ನು ನೆನಪಿಸಿದರು. ನಾವು ಜೆಕ್ವೆರಿ ಲೈಬ್ರರಿಯಲ್ಲಿ ಸಾದಾ ಆಬ್ಜೆಕ್ಟ್ ಅನ್ನು ಡಾಲರ್ ಚಿಹ್ನೆಯೊಳಗೆ ಸುತ್ತಿ ಆನ್, ಟ್ರಿಗರ್ ಮಾಡುತ್ತಿದ್ದೆವು. ಚೆನ್ನಾಗಿಯೇ ಓಡುತ್ತಿತ್ತು. ಒಂದು ದಿನ ಮಾತ್ರ ಮರೆಯಲು ಆಗುವುದಿಲ್ಲ.

ಒಂದು ಉದ್ದದ ಅರ್ಜಿ ಫಾರ್ಮ್. ಅದರ ಆಬ್ಜೆಕ್ಟ್‌ಗೆ 'ರೀಸೆಟ್' ಎಂಬ ಮೆಥಡ್ ಇತ್ತು, ಎಲ್ಲ ಉತ್ತರ ಅಳಿಸುವುದಕ್ಕೆ. ಬೇರೆ ಕಡೆ ನಾನು, ಟೈಮರ್ ಮೊದಲಿನಿಂದ ಶುರುವಾಯಿತು ಎಂದು ತಿಳಿಸಲು ಅದೇ ಆಬ್ಜೆಕ್ಟ್ ಮೇಲೆ 'ರೀಸೆಟ್' ಈವೆಂಟ್ ಟ್ರಿಗರ್ ಮಾಡಿದೆ. ಸುದ್ದಿ ಹೇಳಬೇಕಿತ್ತು ಅಷ್ಟೇ. ಲಿಸನರ್‌ಗಳು ಓಡಿದವು, ಆಮೇಲೆ ಫಾರ್ಮ್ ಕೂಡ ಪೂರ್ತಿ ಖಾಲಿ ಆಯಿತು. ಅರ್ಧ ಗಂಟೆ ಕೂತು ತುಂಬಿದವರ ಉತ್ತರಗಳು ಹೋದವು.

ಟ್ರಿಗರ್‌ಗೆ ಆ ಸ್ವಭಾವ ಇದೆ. ಈವೆಂಟ್ ಹೆಸರಿನದೇ ಮೆಥಡ್ ಆಬ್ಜೆಕ್ಟ್‌ನಲ್ಲಿ ಇದ್ದರೆ, ಯಾವ ಲಿಸನರೂ ಪ್ರಿವೆಂಟ್‌ಡಿಫಾಲ್ಟ್ ಕರೆದು ಅದನ್ನು ತಡೆಯದಿದ್ದರೆ, ಆ ಮೆಥಡ್ ಕೂಡ ಓಡುತ್ತದೆ. ಅದರ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿದೆ. ಲಿಸನರ್‌ಗಳನ್ನು ಮಾತ್ರ ಓಡಿಸುವ ಟ್ರಿಗರ್‌ಹ್ಯಾಂಡ್ಲರ್ ಬಳಸಿದ್ದರೆ ಹೀಗೆ ಆಗುತ್ತಿರಲಿಲ್ಲ. ಅಂದಿನಿಂದ ಮೆಥಡ್‌ಗೆ 'ಕಳಿಸು' ಅಂತ ಆಜ್ಞೆಯ ಹೆಸರು, ಈವೆಂಟ್‌ಗೆ 'ಕಳಿಸಾಯಿತು' ಅಂತ ಮುಗಿದ ಕೆಲಸದ ಹೆಸರು ಇಡುತ್ತೇನೆ. ಎರಡೂ ಎಂದೂ ಡಿಕ್ಕಿ ಹೊಡೆಯುವುದಿಲ್ಲ.

ಚುಕ್ಕಿ · 12:11

ಈ ಹೆಸರಿಡುವ ಪದ್ಧತಿ ತುಂಬಾ ಇಷ್ಟವಾಯಿತು.

ತಡರಾತ್ರಿ · 12:30

ಹೊಸಹೆಜ್ಜೆ ಅವರ ಈವೆಂಟ್ ಹೆಸರು ಕನ್ನಡದಲ್ಲೇ ಇದೆಯಾ, ಇಲ್ಲಾ ಇಲ್ಲಿ ಹೇಳಲು ಹಾಗೆ ಬರೆದಿದ್ದೀರಾ?

ಹೊಸಹೆಜ್ಜೆ · 12:33

ಕೋಡ್‌ನಲ್ಲೂ ಕನ್ನಡವೇ. ಈವೆಂಟ್ ಹೆಸರು ಬರೀ ಸ್ಟ್ರಿಂಗ್ ಅಲ್ವಾ, ಓಡುತ್ತದೆ.

ಎರಡುಸಮ · 12:47

ಓಡುತ್ತದೆ, ಆದರೆ ಹೆಸರನ್ನು ಎರಡು ಕಡೆ ಟೈಪ್ ಮಾಡಬೇಡಿ. ಒಂದು ಕಡೆ ಕಾನ್ಸ್ಟ್ (ಬದಲಾಗದ ವೇರಿಯೇಬಲ್) ಆಗಿ ಇಟ್ಟು ಅದನ್ನೇ ಎಲ್ಲ ಕಡೆ ಬಳಸಿ. ಕನ್ನಡದಲ್ಲಿ ಕಣ್ಣಿಗೆ ಒಂದೇ ಕಾಣುವ ಪದ ಒಳಗೆ ಬೇರೆ ಬೇರೆ ಇರಬಹುದು. 'ಕೊ' ಅನ್ನುವ ಅಕ್ಷರವನ್ನೇ ನೋಡಿ. ಕ ಮತ್ತು ಒ-ಕಾರದ ಒಂದೇ ಚಿಹ್ನೆಯಾಗಿ ಬರೆಯಬಹುದು, ಇಲ್ಲವೇ ಕ, ಎ-ಕಾರ, ಊ-ಕಾರ ಅಂತ ಎರಡು ಚಿಹ್ನೆಯಾಗಿ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಮೂರು ಸಮ (===) ಹಾಕಿ ಹೋಲಿಸಿದರೆ ಸುಳ್ಳು ಅನ್ನುತ್ತದೆ. ಸ್ಟ್ರಿಂಗ್‌ನ ನಾರ್ಮಲೈಸ್ ಮೆಥಡ್ ಇದನ್ನು ಸರಿ ಮಾಡುತ್ತದೆ.

ಅರ್ಧಾಕ್ಷರದ ನಂತರ ಕೀಬೋರ್ಡ್ ಸೇರಿಸುವ ಕಾಣದ ನಾನ್‌ಜಾಯ್ನರ್ ಅಕ್ಷರವನ್ನು ನಾರ್ಮಲೈಸ್ ಕೂಡ ತೆಗೆಯುವುದಿಲ್ಲ. ಪದದ ಕೊನೆಯಲ್ಲಿ ಅದು ಇದ್ದರೆ ಗೊತ್ತೇ ಆಗುವುದಿಲ್ಲ. ಈವೆಂಟ್ ಬಂದರೂ ಲಿಸನರ್ ಸುಮ್ಮನೆ ಕೂತಿರುತ್ತದೆ, ಎರರೂ ಇಲ್ಲ.

ತಡರಾತ್ರಿ · 12:52

ಇದಕ್ಕೆ ಬೇರೆ ಥ್ರೆಡ್ಡೇ ಬೇಕು. ಹುಡುಕಾಟದ ಬಾಕ್ಸ್‌ನಲ್ಲಿ ನನಗೆ ಇದೇ ತೊಂದರೆ.

ಬಾಣಗುರುತು · ಮಧ್ಯಾಹ್ನ 1:30

ವಿಷಯಕ್ಕೆ ವಾಪಸ್ ಬರೋಣ. ಲಿಸನರ್ ಒಂದರಲ್ಲಿ ಎರರ್ ಬಂದರೆ ಏನಾಗಬೇಕು ಅಂತ ಯಾರೂ ಕೇಳಲೇ ಇಲ್ಲ.

ಕೈಯಲ್ಲಿ ಬರೆದ ಎಮಿಟ್‌ನಲ್ಲಿ, ನೋಡ್‌ನ ಈವೆಂಟ್‌ಎಮಿಟರ್‌ನಲ್ಲಿ ಕೂಡ, ಎರಡನೇ ಲಿಸನರ್ ಎರರ್ ಎಸೆದರೆ ಮೂರನೆಯದು ಓಡುವುದಿಲ್ಲ. ಎರರ್ ನೇರವಾಗಿ ಎಮಿಟ್ ಕರೆದವರ ತಲೆ ಮೇಲೆ ಬೀಳುತ್ತದೆ. ಅಂದರೆ ಟಿಕ್ ಹಾಕುವವನ ತಪ್ಪಿಗೆ ಅಪ್‌ಲೋಡ್ ನಿಲ್ಲುತ್ತದೆ. ಈವೆಂಟ್‌ಟಾರ್ಗೆಟ್ ಹಾಗಲ್ಲ. ಒಬ್ಬನ ಎರರ್ ಅನ್ನು ಕನ್ಸೋಲ್‌ಗೆ, ವಿಂಡೋದ ಎರರ್ ಈವೆಂಟ್‌ಗೆ ಒಪ್ಪಿಸಿ, ಉಳಿದವರನ್ನು ಕರೆಯುತ್ತಲೇ ಹೋಗುತ್ತದೆ. ಕಳಿಸಿದವರಿಗೆ ಅದರ ಬಿಸಿ ತಟ್ಟುವುದಿಲ್ಲ. ಪುಟದ ಕೆಲಸಕ್ಕೆ ನನಗೆ ಇದೇ ಸರಿ ಅನಿಸುತ್ತದೆ.

ಗೂಡು · 1:44

ನಾನು ಒಪ್ಪುವುದಿಲ್ಲ. ಸರ್ವರ್ ಕಡೆ ತಪ್ಪು ಮುಚ್ಚಿಹೋಗುವುದಕ್ಕಿಂತ ಕೂಗಿಕೊಂಡು ಬೀಳುವುದು ಒಳ್ಳೆಯದು. ನೋಡ್‌ನಲ್ಲಿ 'ಎರರ್' ಎಂಬ ಹೆಸರಿನ ಈವೆಂಟ್ ಎಮಿಟ್ ಮಾಡಿದಾಗ ಒಬ್ಬರೂ ಕೇಳುತ್ತಿಲ್ಲ ಅಂದರೆ ಅದು ಎರರ್ ಎಸೆಯುತ್ತದೆ, ಯಾರೂ ಹಿಡಿಯದಿದ್ದರೆ ಪ್ರೋಸೆಸ್ಸೇ ನಿಲ್ಲುತ್ತದೆ. ಮೊದಮೊದಲು ಇದು ಕಠಿಣ ಅನಿಸಿತ್ತು. ಈಗ ಅದೇ ನನ್ನನ್ನು ಕಾಪಾಡುತ್ತದೆ.

ಬಾಣಗುರುತು · 1:49

ನೋಡ್‌ನಲ್ಲಿ ಈವೆಂಟ್‌ಟಾರ್ಗೆಟ್ ಬಳಸಿದರೂ ತಪ್ಪು ಮುಚ್ಚಿಹೋಗುವುದಿಲ್ಲ. ಉಳಿದ ಲಿಸನರ್‌ಗಳು ಓಡಿದ ಮೇಲೆ ಅದು ಅನ್‌ಕಾಟ್ ಎಕ್ಸೆಪ್ಶನ್ (ಯಾರೂ ಹಿಡಿಯದ ಎರರ್) ಆಗಿ ಹೊರಗೆ ಬರುತ್ತದೆ.

ಗೂಡು · 1:53

ಅದು ಸರಿ, ಆ ಭಾಗ ವಾಪಸ್ ತೆಗೆದುಕೊಂಡೆ.

ಸರಪಳಿ · 2:10

ಪ್ರಾಕ್ಸಿ ಹಾಕಿ ಆಬ್ಜೆಕ್ಟ್‌ನ ಬೆಲೆ ಬದಲಾದಾಗ ತಾನಾಗಿಯೇ ತಿಳಿಯುವ ಹಾಗೆ ಮಾಡಬಹುದಲ್ವಾ? ಎಮಿಟ್ ಕರೆಯುವುದೇ ತಪ್ಪುತ್ತದೆ.

ಮಿಡುಕು · 2:18

'ಆಬ್ಜೆಕ್ಟ್ ಅಬ್ಸರ್ವ್' ಇದೇ ಆಸೆಯಿಂದ ಹುಟ್ಟಿತ್ತು. 2014ರಲ್ಲಿ ಕ್ರೋಮ್ 36ರಲ್ಲಿ ಬಂತು, 2015ರ ನವೆಂಬರ್‌ನಲ್ಲಿ ಪ್ರಸ್ತಾವನೆಯನ್ನೇ ಹಿಂತೆಗೆದುಕೊಂಡರು, ಕ್ರೋಮ್ 50ರಲ್ಲಿ ತೆಗೆದೂ ಹಾಕಿದರು. ಪ್ರಾಕ್ಸಿ ಉಳಿದಿದೆ. ಆದರೆ ಪ್ರಾಕ್ಸಿ ಹೇಳುವುದು 'ಬಾಕಿ ಎಂಬ ಬೆಲೆ 3ರಿಂದ 2 ಆಯಿತು' ಅಂತ. ಫೈಲ್ ತಲುಪಿತೋ, ಬಳಕೆದಾರರು ರದ್ದು ಮಾಡಿದರೋ ಅದಕ್ಕೆ ಗೊತ್ತಿಲ್ಲ. ಇಲ್ಲಿ ಬೇಕಾಗಿರುವುದು ಆ ವ್ಯತ್ಯಾಸವೇ.

ಹೊಸಹೆಜ್ಜೆ · 3:05

ನೀಲಿಪರದೆ ಅವರ ದಾರಿ ಹಿಡಿದೆ, ಅಪ್‌ಲೋಡರ್ ಈಗ ಈವೆಂಟ್‌ಟಾರ್ಗೆಟ್‌ನ ಮಗು. ಎಲ್ಲ ಓಡುತ್ತಿದೆ. ಆದರೆ ಹೊಸದೊಂದು ಸಮಸ್ಯೆ ಕಂಡಿತು, ಬಹುಶಃ ಮೊದಲೂ ಇತ್ತು.

ಪಟ್ಟಿ ಒಂದು ಡಯಲಾಗ್ ಒಳಗೆ ಇದೆ. ಡಯಲಾಗ್ ತೆರೆದಾಗ ಲಿಸನರ್ ಸೇರಿಸುತ್ತೇನೆ, ಮುಚ್ಚಿದಾಗ ತೆಗೆಯುತ್ತೇನೆ. ಐದು ಸಲ ತೆರೆದು ಮುಚ್ಚಿ, ಆರನೇ ಸಲ ತೆರೆದು ಒಂದು ಫೈಲ್ ಕಳಿಸಿದರೆ ಟಿಕ್ ಹಾಕುವ ಫಂಕ್ಷನ್ ಆರು ಸಲ ಓಡುತ್ತಿದೆ. ತೆಗೆಯುವಾಗ ಎರರ್ ಏನೂ ಬರುವುದಿಲ್ಲ. ಎರಡೂ ಕಡೆ 'ದಿಸ್' (ಫಂಕ್ಷನ್ ಯಾವ ಆಬ್ಜೆಕ್ಟ್ ಪರವಾಗಿ ಓಡುತ್ತಿದೆ ಎಂಬುದು) ಸರಿ ಇರಲಿ ಅಂತ ಬೈಂಡ್ ಮಾಡಿದ್ದೇನೆ.

ಬಾಣಗುರುತು · 3:12

ಆ ಬೈಂಡ್‌ನಲ್ಲೇ ಇದೆ. ಬೈಂಡ್ ಪ್ರತಿ ಸಲ ಹೊಸ ಫಂಕ್ಷನ್ ಕೊಡುತ್ತದೆ. ಸೇರಿಸಿದ್ದು ಒಂದು, ತೆಗೆಯಲು ಹೇಳಿದ್ದು ಇನ್ನೊಂದು. ಹಾಗೊಂದು ಫಂಕ್ಷನ್ ಪಟ್ಟಿಯಲ್ಲೇ ಇಲ್ಲ, ಹಾಗಾಗಿ ರಿಮೂವ್ ಸುಮ್ಮನಾಗುತ್ತದೆ. ಎರಡೂ ಕಡೆ ಬಾಣದ ಫಂಕ್ಷನ್ ಬರೆದರೂ ಇದೇ ಕಥೆ. ಅಕ್ಷರ ಒಂದೇ ಇದ್ದರೂ ಫಂಕ್ಷನ್ ಬೇರೆ.

ಹಳೇಬೇರು · 3:30

ಈ ಇಡೀ ಥ್ರೆಡ್‌ನಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ. ಲಿಸನರ್ ಸೇರಿಸಲು ಎಲ್ಲರೂ ಕಲಿಯುತ್ತಾರೆ. ತೆಗೆಯಲು ಕಲಿಯುವುದು ಪೆಟ್ಟು ತಿಂದ ಮೇಲೆ.

ಹೊಸಹೆಜ್ಜೆ ಅವರೇ, ನಿಮ್ಮಲ್ಲಿ ಆರು ಸಲ ಓಡಿತು, ಅದಕ್ಕೇ ಕಂಡಿತು. ಕಾಣದೇ ಇರುವುದು ಮೆಮೊರಿ. ಅಪ್‌ಲೋಡರ್ ಪುಟ ಇರುವ ತನಕ ಬದುಕಿರುತ್ತದೆ. ಅದು ಫಂಕ್ಷನ್ ಹಿಡಿದುಕೊಂಡಿದೆ, ಫಂಕ್ಷನ್ ಡಯಲಾಗ್ ಅನ್ನು ಹಿಡಿದುಕೊಂಡಿದೆ, ಡಯಲಾಗ್ ತನ್ನೊಳಗಿನ ಪಟ್ಟಿ, ಚಿತ್ರ ಎಲ್ಲವನ್ನೂ. ಮುಚ್ಚಿದ ಐದೂ ಡಯಲಾಗ್‌ಗಳು ಇನ್ನೂ ಮೆಮೊರಿಯಲ್ಲೇ ಇವೆ.

ಸರ್ವರ್‌ನಲ್ಲಿ ನಾನು ಇದೇ ತಪ್ಪು ಮಾಡಿದ್ದೆ. ಪ್ರತಿ ರಿಕ್ವೆಸ್ಟ್‌ಗೂ ಒಂದೇ ಎಮಿಟರ್‌ಗೆ ಹೊಸ ಲಿಸನರ್ ಸೇರಿಸುತ್ತಿದ್ದೆ. ಒಂದೇ ಈವೆಂಟ್‌ಗೆ ಹತ್ತಕ್ಕಿಂತ ಜಾಸ್ತಿ ಲಿಸನರ್ ಆದರೆ ನೋಡ್ ಎಚ್ಚರಿಕೆ ಕೊಡುತ್ತದೆ, ಮೆಮೊರಿ ಸೋರುತ್ತಿರಬಹುದು ಅಂತ. ನಾನು ಏನು ಮಾಡಿದೆ? ಆ ಮಿತಿಯನ್ನೇ ನೂರಕ್ಕೆ ಏರಿಸಿದೆ. ನೂರು ದಾಟಿದಾಗ 0 ಮಾಡಿದೆ, ಅಂದರೆ ಮಿತಿಯೇ ಇಲ್ಲ. ಎಚ್ಚರಿಕೆ ನಿಂತಿತು. ಪ್ರೋಸೆಸ್ ಮೂರು ದಿನಕ್ಕೊಮ್ಮೆ ಮೆಮೊರಿ ಸಾಲದೆ ಸಾಯತೊಡಗಿತು. ಆ ಎಚ್ಚರಿಕೆ ಬಂದರೆ ದಯವಿಟ್ಟು ಅದರ ಬಾಯಿ ಮುಚ್ಚಿಸಬೇಡಿ, ಯಾರು ಸೇರಿಸುತ್ತಿದ್ದಾರೆ ಹುಡುಕಿ.

ನೀಲಿಪರದೆ · 3:42

ಈಗ ಅಬಾರ್ಟ್‌ಕಂಟ್ರೋಲರ್ ಇರುವುದರಿಂದ ತೆಗೆಯುವುದು ಮೊದಲಿನಷ್ಟು ಕಷ್ಟವಿಲ್ಲ. ಡಯಲಾಗ್‌ಗೆ ಒಂದು ಕಂಟ್ರೋಲರ್ ಮಾಡಿ, ಲಿಸನರ್ ಸೇರಿಸುವಾಗ ಆಯ್ಕೆಗಳಲ್ಲಿ ಅದರ ಸಿಗ್ನಲ್ ಕೊಡಿ. ಹತ್ತು ಲಿಸನರ್ ಇದ್ದರೂ ಮುಚ್ಚುವಾಗ ಒಂದೇ ಸಲ ಅಬಾರ್ಟ್ ಕರೆದರೆ ಎಲ್ಲವೂ ಕಳಚಿಕೊಳ್ಳುತ್ತವೆ. ಫಂಕ್ಷನ್ ಹೆಸರು ನೆನಪಿಡುವುದು ಬೇಡ, ಬೈಂಡ್ ಜಗಳ ಇಲ್ಲ. 2021ರಿಂದ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಇದೆ.

ಚುಕ್ಕಿ · 3:50

ಇನ್ನೊಂದು ಹಳೆಯ ದಾರಿ. ಲಿಸನರ್ ಫಂಕ್ಷನ್ನೇ ಆಗಬೇಕಿಲ್ಲ. ಹ್ಯಾಂಡಲ್‌ಈವೆಂಟ್ ಎಂಬ ಮೆಥಡ್ ಇರುವ ಆಬ್ಜೆಕ್ಟ್ ಕೊಡಬಹುದು. 2000ದಲ್ಲಿ ಬಂದ ಡಾಮ್ (ಪುಟದ ಭಾಗಗಳನ್ನು ಕೋಡ್‌ಗೆ ಒದಗಿಸುವ ಮಾದರಿ) ಎರಡನೇ ಹಂತದ ಈವೆಂಟ್ಸ್ ನಿಯಮದಿಂದಲೂ ಇದೆ. ಡಯಲಾಗ್ ಆಬ್ಜೆಕ್ಟನ್ನೇ ಲಿಸನರ್ ಆಗಿ ಕೊಡಿ. 'ದಿಸ್' ತಾನಾಗಿಯೇ ಸರಿ ಇರುತ್ತದೆ, ತೆಗೆಯುವಾಗಲೂ ಅದೇ ಆಬ್ಜೆಕ್ಟ್ ಕೊಟ್ಟರೆ ಸಾಕು.

ಸರಪಳಿ · 3:58

ಕೈಯಲ್ಲೇ ಬರೆಯುವವರಿಗೆ: ಆನ್ ಮೆಥಡ್ ತೆಗೆಯುವ ಫಂಕ್ಷನ್ ಅನ್ನೇ ವಾಪಸ್ ಕೊಡಲಿ. ನಾನು ಇನ್ನೂ ಇಪ್ಪತ್ತು ಸಾಲಿನ ಎಮಿಟರ್ ಪಕ್ಷವೇ. ಮ್ಯಾಪ್, ಸೆಟ್, ಪ್ರತಿ ತೆಗೆದು ಓಡಿಸುವುದು, ವಾಪಸ್ ಕೊಡುವ ಫಂಕ್ಷನ್. ಅಷ್ಟೇ ಇದ್ದರೆ ನನ್ನ ಕೆಲಸಕ್ಕೆ ಧಾರಾಳ.

ಹೊಸಹೆಜ್ಜೆ · ಸಂಜೆ 5:20

ಸಿಗ್ನಲ್ ಹಾಕಿದೆ. ಒನ್ಸ್ ಮತ್ತು ಸಿಗ್ನಲ್ ಎರಡನ್ನೂ ಒಟ್ಟಿಗೆ ಕೊಡಬಹುದಾ? ಮತ್ತೆ ಇನ್ನೊಂದು, ಡಯಲಾಗ್ ಮೊದಲ ಸಲ ತೆರೆದಾಗ ಟಿಕ್ ಒಂದೇ ಸಲ ಬೀಳುತ್ತದೆ, ಬಹಳ ಖುಷಿ. ಮುಚ್ಚಿ ಮತ್ತೆ ತೆರೆದರೆ ಟಿಕ್ ಬೀಳುವುದೇ ಇಲ್ಲ. ಕಂಟ್ರೋಲರ್ ಅನ್ನು ಡಯಲಾಗ್‌ನ ಕನ್‌ಸ್ಟ್ರಕ್ಟರ್‌ನಲ್ಲಿ ಮಾಡಿದ್ದೇನೆ, ಡಯಲಾಗ್ ಈಗ ಒಂದೇ, ಅದನ್ನೇ ತೆರೆದು ಮುಚ್ಚುತ್ತೇನೆ.

ನೀಲಿಪರದೆ · 5:26

ಎರಡನ್ನೂ ಒಟ್ಟಿಗೆ ಕೊಡಬಹುದು.

ಎರಡನೆಯದಕ್ಕೆ, ಒಮ್ಮೆ ಅಬಾರ್ಟ್ ಆದ ಸಿಗ್ನಲ್ ಮತ್ತೆ ಜೀವಕ್ಕೆ ಬರುವುದಿಲ್ಲ. ಅಬಾರ್ಟ್ ಆಗಿರುವ ಸಿಗ್ನಲ್ ಕೊಟ್ಟು ಲಿಸನರ್ ಸೇರಿಸಿದರೆ ಅದು ಸೇರುವುದೇ ಇಲ್ಲ, ಎರರೂ ಬರುವುದಿಲ್ಲ. ಕಂಟ್ರೋಲರ್ ಅನ್ನು ಕನ್‌ಸ್ಟ್ರಕ್ಟರ್‌ನಿಂದ ತೆಗೆದು, 'ತೆರೆ' ಮೆಥಡ್‌ನ ಮೊದಲ ಸಾಲಿಗೆ ತನ್ನಿ. ಪ್ರತಿ ಸಲ ತೆರೆದಾಗ ಹೊಸ ಕಂಟ್ರೋಲರ್.

ಹೊಸಹೆಜ್ಜೆ · 5:41

ತಂದೆ. ಮೂವತ್ತು ಸಲ ತೆರೆದು ಮುಚ್ಚಿ, ಆಮೇಲೆ ಮತ್ತೆ ತೆರೆದು ಒಂದು ಫೈಲ್ ಕಳಿಸಿದೆ. ಒಂದೇ ಟಿಕ್. ಮೆಮೊರಿ ಸ್ನ್ಯಾಪ್‌ಶಾಟ್ ಕೂಡ ತೆಗೆದು ನೋಡಿದೆ ಹಳೇಬೇರು ಅವರೇ, ಡಯಲಾಗ್ ಒಂದೇ ಇದೆ.